ಶಾಸನ ಮುಂದೋ, ಯಂತ್ರ ಮುಂದೋ?

ಹೊಸ ಯಂತ್ರವೊಂದು ಆಳುವವರ ಕೈಗೆ ಬಂದಾಗ ಅದರ ವೇಗವೆಷ್ಟು, ಅದರಿಂದ ಉಳಿಯುವ ಹಣವೆಷ್ಟು ಎಂದು ಲೆಕ್ಕ ಹಾಕುವವರಿಗೆ ಕೊರತೆಯಿಲ್ಲ. ಅದನ್ನು ಪ್ರಜೆಗಳ ಮೇಲೆ ನಡೆಯಿಸಲು ಅಪ್ಪಣೆ ಕೊಟ್ಟವರು ಯಾರು ಎಂದು ಕೇಳುವವರು ವಿರಳ. ಹಾಗೆ ಕೇಳಿದವರಲ್ಲಿ ಒಬ್ಬರು ಕನ್ನಡನಾಡಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. 1977ರಿಂದ 1986ರವರೆಗೆ ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಪೀಠದಲ್ಲಿದ್ದ ಈ ಮಹನೀಯರು, 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಕಾನೂನಿನ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುತ್ತಾರೆ. ಅವರ ಅಭಿಪ್ರಾಯವನ್ನು ಮಾತ್ರ ದೇಶವು ಅರ್ಧ ಒಪ್ಪಿ, ಅರ್ಧ ಮರೆತು ಕುಳಿತಿದೆ. ಮರೆತ ಅರ್ಧವೇ ಬಡವನ ಅನ್ನಕ್ಕೆ ಸಂಬಂಧಿಸಿದ್ದು.

ಸಂಗತಿಯ ಮೊದಲನ್ನು ನೋಡಬೇಕು. ವಿಶಿಷ್ಟ ಗುರುತಿನ ಪ್ರಾಧಿಕಾರವು 2009ರ ಜನವರಿಯಲ್ಲಿ ಸರ್ಕಾರದ ಒಂದು ಆಜ್ಞೆಯಿಂದ ಹುಟ್ಟಿತು. ಬೆಂಗಳೂರಿನ ಉದ್ಯಮಪತಿ ನಂದನ್ ನಿಲೇಕಣಿಯವರು ಅದರ ಅಧ್ಯಕ್ಷರಾದರು. ಮಹಾರಾಷ್ಟ್ರದ ನಂದೂರಬಾರ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ 2010ರ ಸೆಪ್ಟೆಂಬರ್ 29ರಂದು ಮೊದಲ ಸಂಖ್ಯೆಯನ್ನು ಹಂಚಲಾಯಿತು. ಇದಕ್ಕೆ ಬೇಕಾದ ಮಸೂದೆಯು ಸಂಸತ್ತಿನ ಮುಂದೆ ಬಂದದ್ದು ಆ ಬಳಿಕ, ಅದೇ ವರ್ಷದ ಡಿಸೆಂಬರಿನಲ್ಲಿ. ಹಣಕಾಸಿನ ಸ್ಥಾಯೀ ಸಮಿತಿಯು 2011ರ ಡಿಸೆಂಬರಿನಲ್ಲಿ ಆ ಮಸೂದೆಯನ್ನು ಒಪ್ಪದೆ ಹಿಂದಿರುಗಿಸಿತು. ಆದರೂ ಕೆಲಸ ನಿಲ್ಲಲಿಲ್ಲ. ಬೆರಳಚ್ಚು ಒತ್ತುವ ಸಾಲುಗಳು ಊರೂರಲ್ಲಿ ಬೆಳೆದವು. ಕಡೆಗೆ ಶಾಸನವು ಬಂದದ್ದು 2016ರ ಮಾರ್ಚಿನಲ್ಲಿ. ಅದೂ ರಾಜ್ಯಸಭೆಯ ಮಾತಿಗೆ ಬೆಲೆಯಿಲ್ಲದಂತೆ ಹಣಕಾಸಿನ ಮಸೂದೆಯ ವೇಷದಲ್ಲಿ. ಮರುತಿಂಗಳೊಳಗೆ ಸಂಖ್ಯೆ ಪಡೆದವರು ನೂರು ಕೋಟಿ ಮುಟ್ಟಿದ್ದರು. ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಲಗ್ನಪತ್ರಿಕೆ ಬರೆಯಿಸಿದಂತಾಯಿತು.

ಪುಟ್ಟಸ್ವಾಮಿಯವರ ಮೊದಲ ಆಕ್ಷೇಪಣೆ ಇದೇ. ಮಸೂದೆಯೊಂದು ಸಂಸತ್ತಿನ ಮುಂದಿರುವಾಗ, ಅದೇ ಕಾರ್ಯವನ್ನು ಕಾರ್ಯಾಂಗವು ತನ್ನ ಆಜ್ಞೆಯ ಬಲದಿಂದಲೇ ನೆರವೇರಿಸುವುದಾದರೆ ಸಂಸತ್ತಿಗೆ ಉಳಿಯತಕ್ಕ ಕೆಲಸವೇನು? ಎರಡನೆಯದು ಪ್ರಜೆಯ ದೇಹಕ್ಕೆ ಸಂಬಂಧಿಸಿದ್ದು. ಹೆಸರನ್ನು ಬದಲಾಯಿಸಬಹುದು, ಊರನ್ನು ಬಿಡಬಹುದು. ಬೆರಳಿನ ಗೆರೆಯನ್ನೂ ಕಣ್ಣಿನ ಪಾಪೆಯನ್ನೂ ಬದಲಾಯಿಸಿಕೊಳ್ಳಲಾಗದು. ಅಂಥದನ್ನು ಶಾಸನದ ರಕ್ಷಣೆಯಿಲ್ಲದೆ ಕೇಳಿ ಪಡೆಯುವುದು ಅನ್ಯಾಯವೆಂದು ಅವರ ವಾದ. ಅಕ್ರಮವಾಗಿ ದೇಶವನ್ನು ಹೊಕ್ಕವರಿಗೂ ಈ ಸಂಖ್ಯೆ ದೊರೆತೀತೆಂಬ ಮಾತೂ ಅರ್ಜಿಯಲ್ಲಿ ಇದ್ದಿತು. ಈ ಮಾತಿಗೆ ತೂಕ ಕೊಡದವರೂ ಮೊದಲಿನ ಎರಡನ್ನು ತಳ್ಳಿಹಾಕುವಂತಿಲ್ಲ.

ಸರ್ಕಾರ ಕೊಟ್ಟ ಉತ್ತರವನ್ನು ನೆನೆಯುವುದು ಒಳ್ಳೆಯದು. 2015ರಲ್ಲಿ ಅಟಾರ್ನಿ ಜನರಲ್ ಅವರು, 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಎತ್ತಿ ಹಿಡಿದು, ಖಾಸಗಿತನವೆಂಬುದು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿದರು. ಸ್ವತಂತ್ರ ರಾಷ್ಟ್ರವೊಂದರ ಸರ್ಕಾರವು ತನ್ನ ಪ್ರಜೆಗಳಿಗೆ ಮರೆಯೆಂಬ ಹಕ್ಕಿಲ್ಲವೆಂದು ನ್ಯಾಯಾಲಯದಲ್ಲಿ ನಿಂತು ಹೇಳಿತು! 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಆ ವಾದವನ್ನು ತಳ್ಳಿದರು. ದೇಶವು ಒಪ್ಪಿದ ಅರ್ಧವೆಂದರೆ ಇದು.

ಆದರೆ ತತ್ತ್ವವನ್ನು ಗೆಲ್ಲಿಸಿದ ಕೋರ್ಟು ಫಲವನ್ನು ಪೂರ್ತಿಯಾಗಿ ಕೊಡಲಿಲ್ಲ. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು ನಾಲ್ವರ ಬಹುಮತದಿಂದ ಆಧಾರ್ ಶಾಸನವನ್ನು ಎತ್ತಿ ಹಿಡಿಯಿತು. ಬ್ಯಾಂಕಿನ ಖಾತೆಗೂ ಮೊಬೈಲಿಗೂ ಇದನ್ನು ಕಟ್ಟುವುದು ಸಲ್ಲದು, ಖಾಸಗಿ ಕಂಪನಿಗಳು ಕೇಳುವುದು ಸಲ್ಲದು ಎಂದಿತು. ಆದರೆ ಪಡಿತರ ಮೊದಲಾದ ಸೌಲಭ್ಯಗಳಿಗೆ ಸಲ್ಲುವುದೆಂದಿತು. ಬಗೆದು ನೋಡಿದರೆ ಇದರ ಅರ್ಥ ವಿಚಿತ್ರ. ಬ್ಯಾಂಕಿನಲ್ಲಿ ಹಣವಿಡುವವನು ಬೆರಳು ಒತ್ತಬೇಕಾಗಿಲ್ಲ, ಅಕ್ಕಿಗೆ ಕೈಯೊಡ್ಡುವವನು ಒತ್ತಬೇಕು. ಐವರಲ್ಲಿ ನ್ಯಾಯಮೂರ್ತಿ ಚಂದ್ರಚೂಡರೊಬ್ಬರೇ ಇಡೀ ಶಾಸನವು ಸಂವಿಧಾನಕ್ಕೆ ವಿರುದ್ಧವೆಂದು ಬರೆದರು.

ಪುಟ್ಟಸ್ವಾಮಿಯವರ ಅಭಿಪ್ರಾಯಕ್ಕೆ ಎದುರಾಗಿ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುತ್ತವೆ. ಮೊದಲನೆಯದು, ಇದು ಮುಪ್ಪಿನವರಿಗೆ ಯಂತ್ರವೆಂದರೆ ಇರುವ ಅಂಜಿಕೆಯೆಂಬುದು. ಅರ್ಜಿಯು ಯಂತ್ರವನ್ನು ಒಡೆಯಬೇಕೆಂದು ಬೇಡಲಿಲ್ಲ, ಯಂತ್ರಕ್ಕೆ ಶಾಸನದ ಲಗಾಮು ಎಲ್ಲಿ ಎಂದು ಕೇಳಿತು. ಕುದುರೆಗೆ ಲಗಾಮು ಹಾಕೆಂದವನನ್ನು ಕುದುರೆಯ ವೈರಿಯೆನ್ನುವುದು ಯಾವ ನ್ಯಾಯ?

ಎರಡನೆಯ ಮಾತು, ಇದರಿಂದ ಕಳ್ಳಚೀಟಿಗಳು ಹೋದುವು, ಸೋರಿಕೆ ನಿಂತಿತು ಎಂಬುದು. ಸೋರಿಕೆಯನ್ನು ತಡೆಯುವುದು ಒಳ್ಳೆಯದೇ. ಆದರೆ ಸೋರುವ ಕೊಡವನ್ನು ಮುಚ್ಚುವವನು ಕುಡಿಯುವವನ ಬಾಯನ್ನೂ ಮುಚ್ಚಬಾರದಷ್ಟೆ. ದೃಢೀಕರಣವು ಶೇಕಡಾ 99.76ರಷ್ಟು ಸಫಲವೆಂದು ಕೋರ್ಟಿನ ಮುಂದೆ ಹೇಳಲಾಯಿತು. ಬಹುಮತದ ತೀರ್ಪು ಆ ಅಂಕಿಯನ್ನು ನೆಚ್ಚಿತು. ಉಳಿದ ಭಾಗವನ್ನು ಸುಮಾರು 0.23 ಎಂದು ಹಿಡಿದರೂ, ನೂರು ಕೋಟಿ ಜನರಲ್ಲಿ ಅದು 23 ಲಕ್ಷ ತಲೆಗಳಾಗುತ್ತವೆ. ಕಾಗದದ ಮೇಲೆ ಸೊನ್ನೆಗೆ ಸಮೀಪವಾಗಿ ಕಾಣುವುದು ಊರಿನಲ್ಲಿ ಒಲೆ ಹೊತ್ತದ ಮನೆಯಾಗಿರುತ್ತದೆ. ಸರ್ಕಾರದ್ದೇ ಆದ 2016-17ರ ಆರ್ಥಿಕ ಸಮೀಕ್ಷೆಯಂತೂ ದೃಢೀಕರಣದ ವೈಫಲ್ಯವನ್ನು ಝಾರ್ಖಂಡದಲ್ಲಿ ಶೇಕಡಾ 49, ರಾಜಸ್ಥಾನದಲ್ಲಿ ಶೇಕಡಾ 37 ಎಂಬ ಅಂದಾಜುಗಳೊಡನೆ ಕಾಣಿಸಿತ್ತು.

ಬೆರಳು ಸವೆದಿರುವುದು ಯಾರದು? ಕಲ್ಲು ಒಡೆಯುವವರದು, ನಾಟಿ ಹಾಕುವವರದು, ಪಾತ್ರೆ ತೊಳೆಯುವವರದು, ಮುದುಕರದು. ದುಡಿದುದರ ಗುರುತೇ ಇಲ್ಲಿ ಅಪರಾಧದ ಗುರುತಾಗುತ್ತದೆ. ಪಡಿತರವು 2013ರ ಆಹಾರ ಭದ್ರತಾ ಶಾಸನವು ಕೊಟ್ಟ ಹಕ್ಕು. ಹೀಗಿರಲು, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ನ್ಯಾಯಬೆಲೆಯ ಅಂಗಡಿಯಲ್ಲಿ ಹೊಸ ಅರ್ಥ ಪಡೆಯಿತು. 2017ರ ಸೆಪ್ಟೆಂಬರಿನಲ್ಲಿ ಝಾರ್ಖಂಡದ ಸಿಮ್ಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ಸತ್ತಳು. ಆಧಾರ್ ಜೋಡಿಸಲಿಲ್ಲವೆಂದು ಪಡಿತರ ಚೀಟಿ ರದ್ದಾಗಿ ಮನೆಯಲ್ಲಿ ಅನ್ನವಿರಲಿಲ್ಲವೆಂದು ಮನೆಯವರು ಹೇಳಿದರು. ಮಲೇರಿಯಾದಿಂದ ಸತ್ತಳೆಂದು ಅಧಿಕಾರಿಗಳು ಹೇಳಿದರು. ಸಾವಿನ ಕಾರಣದ ವಿವಾದ ಏನೇ ಇರಲಿ, ಆ ಮನೆಯ ಪಡಿತರ ನಿಂತುಹೋಗಿದ್ದುದು ನಿಜ. ಬೆರಳು ಹೊಂದದ ಮಾತ್ರಕ್ಕೆ ಯಾರಿಗೂ ಸೌಲಭ್ಯ ತಪ್ಪದೆಂದು ಸರ್ಕಾರವು ಕೋರ್ಟಿಗೆ ಮಾತು ಕೊಟ್ಟಿತ್ತು. ಆ ಮಾತು ದಿಲ್ಲಿಯಿಂದ ಅಂಗಡಿಯ ಕಟ್ಟೆಯವರೆಗೆ ಬರಬೇಕಾದರೆ ಅದನ್ನು ಮೀರಿದವನಿಗೆ ದಂಡನೆ ಇರಬೇಕಷ್ಟೆ!

ಮೂರನೆಯ ಮಾತು, ತಪ್ಪು ಮಾಡದವನಿಗೆ ಭಯವೇಕೆ ಎಂಬುದು. ಮನೆಗೆ ಕದವಿಟ್ಟವರೆಲ್ಲ ಕಳ್ಳರೇ? ಕದ ತೆರೆಯುವ ಅಧಿಕಾರ ಮನೆಯವನದು ಎಂಬುದೇ ಸ್ವಾತಂತ್ರ್ಯ. ಇದಕ್ಕಿಂತ ಹೆಚ್ಚಿನ ಉತ್ತರ ಆ ಮಾತಿಗೆ ಬೇಡ.

ತೀರ್ಪಾದ ಮೇಲೆ ನಡೆದುದೇನು? ಕೋರ್ಟು ಮುಂಬಾಗಿಲಲ್ಲಿ ತಡೆದುದು ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಬಂದಿತು. 2019ರ ತಿದ್ದುಪಡಿಯು ಬ್ಯಾಂಕುಗಳಿಗೂ ಟೆಲಿಫೋನ್ ಕಂಪನಿಗಳಿಗೂ, ಪ್ರಜೆಯು ಇಚ್ಛೆಪಟ್ಟರೆ ಎಂಬ ನೆವದಲ್ಲಿ, ಮತ್ತೆ ಅವಕಾಶ ಕೊಟ್ಟಿತು. 2025ರ ಜನವರಿಯ ನಿಯಮಗಳು ಇತರ ಖಾಸಗಿಯವರಿಗೂ ದಾರಿ ಬಿಟ್ಟವು. ಖಾಸಗಿತನವನ್ನು ಕಾಯಲೆಂದು ಬಂದ 2023ರ ದತ್ತಾಂಶ ರಕ್ಷಣೆಯ ಶಾಸನವು, ಸರ್ಕಾರವು ತನ್ನ ಸಂಸ್ಥೆಗಳನ್ನು ಅದರ ಕಟ್ಟಿನಿಂದ ಬಿಡಿಸಿಕೊಳ್ಳಲು ಅಧಿಕಾರ ಕೊಟ್ಟಿತು. ಮಾಹಿತಿ ಹಕ್ಕಿನ ಶಾಸನದಲ್ಲಿ ವೈಯಕ್ತಿಕ ಮಾಹಿತಿಗಿದ್ದ ಕಲಮನ್ನೂ ಅದೇ ಬಿಗಿಮಾಡಿತು. ಪುಟ್ಟಸ್ವಾಮಿಯವರ ಗೆಲುವಿನ ಹೆಸರು ಹೇಳಿ ಪ್ರಜೆಯು ಸರ್ಕಾರವನ್ನು ಕೇಳುವ ಹಕ್ಕನ್ನೇ ಕುಗ್ಗಿಸಿದಂತಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇನ್ನು ಹೇಗೆ?

ಯಂತ್ರವೂ ಸುಮ್ಮನಿಲ್ಲ. ಬೆರಳಾಯಿತು, ಈಗ ಮುಖ. ಅಂಗನವಾಡಿಯಲ್ಲಿ ಗರ್ಭಿಣಿಯರು, ಬಾಣಂತಿಯರು ಮನೆಗೆ ಒಯ್ಯುವ ಆಹಾರಕ್ಕೆ 2025ರ ಜುಲೈಯಿಂದ ಮುಖ ಗುರುತಿಸುವ ಏರ್ಪಾಡನ್ನು ಕಡ್ಡಾಯ ಮಾಡಲಾಯಿತು. ಹೊಟ್ಟೆಯಲ್ಲಿ ಕೂಸಿರುವ ಹೆಂಗಸು ಒಂದು ಪೊಟ್ಟಣಕ್ಕಾಗಿ ಮೊಬೈಲಿನ ಮುಂದೆ ಮುಖವೊಡ್ಡಿ ನಿಲ್ಲಬೇಕು. ಸಿಗ್ನಲ್ ಇಲ್ಲದ ಹಳ್ಳಿಯಲ್ಲಿ ಅದು ಬರುವ ತನಕ ಕಾಯಬೇಕು. ಸಂಸತ್ತು ಇದನ್ನು ಯಾವ ದಿನ ಚರ್ಚಿಸಿ ಒಪ್ಪಿತು? ಅದೇ ಹಳೆಯ ಪ್ರಶ್ನೆ. ಕೇಳುತ್ತಿದ್ದ ವೃದ್ಧರು ಮಾತ್ರ ಈಗ ಇಲ್ಲ.

ಬೇಕಾದುದು ದೊಡ್ಡ ಸಾಹಸವೇನೂ ಅಲ್ಲ. ಪ್ರಜೆಯ ದೇಹದ ಗುರುತನ್ನು ಕೇಳತಕ್ಕ ಯಾವುದೇ ಏರ್ಪಾಡು ಶಾಸನಸಭೆಯಲ್ಲಿ ಮೊದಲು ಚರ್ಚೆಯಾಗಲಿ. ಯಂತ್ರ ಒಪ್ಪದಿದ್ದರೆ ಪುಸ್ತಕದಲ್ಲಿ ರುಜುವೋ ಹೆಬ್ಬೆಟ್ಟೋ ಪಡೆದು ಅಕ್ಕಿ ಅಳೆಯಬೇಕೆಂಬ ನಿಯಮವನ್ನು ಪ್ರತಿ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಲಿ. ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದರೆ ಉತ್ತರ ಹೇಳತಕ್ಕ ಅಧಿಕಾರಿ ಯಾರೆಂಬುದು ಗೊತ್ತಿರಲಿ. ಇಷ್ಟನ್ನೂ ಮಾಡಲಾರದ ಸರ್ಕಾರವು ಪ್ರಜೆಯ ಬೆರಳನ್ನು ಮುಟ್ಟುವ ಅಧಿಕಾರವನ್ನು ಕೇಳಬಾರದು. ಎಂಬತ್ತಾರರ ಮುದುಕರೊಬ್ಬರು ಕೋರ್ಟಿನ ಮೆಟ್ಟಿಲು ಹತ್ತಿ ಕೇಳಿದ ಪ್ರಶ್ನೆಯನ್ನು ಇಪ್ಪತ್ತಾರರ ತರುಣರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲಾರರೆ?