ಕಿಸೆಯ ಬಾಗಿಲಿಗೂ ಒಂದು ಬೋರ್ಡು ಬೇಕು



ಹೋದ ಹಂಗಾಮಿನಲ್ಲಿ ನನಗಾದ ಒಂದು ಲುಕ್ಸಾನಿನಿಂದ ಈ ಮಾತು ಸುರು ಮಾಡುತ್ತೇನೆ. ಹೆಸರು ಒಕ್ಕಿ, ಚೀಲ ಹೊಲಿದು, ಅಮರಗೋಳದ ಮಾರುಕಟ್ಟೆಗೆ ಹಾಕಿ ಬಂದಿದ್ದೆ. ಟೆಂಡರ್ ದರ ಬಂದ ಮೇಲೆ "ಕೊಡೋಣೋ, ಇಡೋಣೋ" ಎಂದು ಕೇಳಲು ಅಡತಿ ಅಂಗಡಿಯಿಂದ ಫೋನು ಬರುವುದಿತ್ತು. ಗೋಪನಕೊಪ್ಪಕ್ಕೆ ತಿರುಗಿ ಬಂದು ಹೊಲದಾಗ ಕೆಲಸಕ್ಕೆ ನಿಂತೆ. ಫೋನು ಬಡಕೊಂಡಿತು. ಕೈ ಒರೆಸಿಕೊಂಡು ಎತ್ತಿದರೆ, "ಸರ್, ನಿಮಗೆ ಐದು ಲಕ್ಷ ರೂಪಾಯಿ ಸಾಲ ಮಂಜೂರಾಗಿದೆ" ಎಂಬ ದನಿ. ನಾನು ಯಾರಿಗೂ ಅರ್ಜಿ ಕೊಟ್ಟಿರಲಿಲ್ಲ. ಇಟ್ಟುಬಿಟ್ಟೆ. ಹತ್ತು ಮಿನಿಟಿಗೆ ಇನ್ನೊಂದು: ಪ್ಲಾಟು ಬೇಕೇನು? ಮತ್ತೆ ಸ್ವಲ್ಪ ಹೊತ್ತಿಗೆ ರೆಕಾರ್ಡು ಮಾಡಿದ ದನಿ. ಅದಕ್ಕೆ ಬೈದರೂ ಕೇಳಿಸುವುದಿಲ್ಲ. ಸಿಟ್ಟು ಬಂದು ಫೋನಿನ ಗಂಟೆ ಬಂದ್ ಮಾಡಿ ಬದುವಿನ ಮ್ಯಾಲೆ ಇಟ್ಟೆ. ಸಂಜೆ ನೋಡಿದರೆ ಅಡತಿಯವರ ಫೋನು ಮೂರು ಸಲ ಬಂದು ಹೋಗಿತ್ತು. ನನ್ನ ಒಪ್ಪಿಗೆ ಸಿಗದೆ ಮಾಲು ಹಂಗೇ ಉಳಿಯಿತು. ಮರುದಿನ ಕ್ವಿಂಟಲಿಗೆ ಇನ್ನೂರು ರೂಪಾಯಿ ಇಳಿದಿತ್ತು.

ಇದನ್ನು ಸಣ್ಣ ಮಾತು ಅನ್ನಬೇಡಿರಿ. ಫೋನು ನಮಗೆ ಚಟಕ್ಕೆ ಬಂದ ಸಾಮಾನಲ್ಲ. ದರ ತಿಳಿಯುವುದು ಅದರಿಂದ, ಬ್ಯಾಂಕಿನ ಸುದ್ದಿ ಅದರಿಂದ, ಬೆಳೆ ವಿಮೆಯ ಸಂದೇಶ ಅದರಿಂದ, ದೂರದಲ್ಲಿರುವ ಮಕ್ಕಳ ದನಿ ಅದರಿಂದ. ಆ ದಾರಿಯ ಮೇಲೆ ಕರೆಯದೆ ಬಂದವರು ಗುಂಪು ಕಟ್ಟಿಕೊಂಡು ನಿಂತರೆ ಬರಬೇಕಾದವನು ಹೆಂಗ ಬಂದಾನು? ನಮ್ಮಲ್ಲಿ ಎಷ್ಟೋ ಜನ ಗೊತ್ತಿಲ್ಲದ ನಂಬರು ಎತ್ತುವುದನ್ನೇ ಬಿಟ್ಟಿದ್ದೇವೆ. ಹಂಗ ಬಿಟ್ಟವರು ಜಾಹೀರಾತಿನಿಂದಷ್ಟೇ ಪಾರಾಗಿಲ್ಲ, ತಮ್ಮ ಮಾರುಕಟ್ಟೆಯಿಂದಲೂ ದೂರಾಗಿದ್ದಾರೆ.

ನಾನು ಸಣ್ಣವನಿದ್ದಾಗ ಕಂಡ ಒಂದು ಬೋರ್ಡು ನನಗೆ ಈಗ ನೆನಪಾಗುತ್ತದೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭೆಯ ನೀರಿನ ಅಭಿವೃದ್ಧಿ ಕರದ ವಿರುದ್ಧ ನಮ್ಮ ಹಿರಿಯರು ಎದ್ದು ನಿಂತರು. ಗೋಲಿಬಾರು ಆಯಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎಂ.ಡಿ. ನಂಜುಂಡಸ್ವಾಮಿ, ಎನ್.ಡಿ. ಸುಂದರೇಶ್ ಮುಂತಾದವರು ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿದರು. ಮುಂದೆ ಊರ ಅಗಸಿಯಲ್ಲಿ ಬೋರ್ಡುಗಳು ನಿಂತವು. ಊರವರ ಅನುಮತಿ ಇಲ್ಲದೆ ಸಾಲ ವಸೂಲಿಯ ಅಧಿಕಾರಿ ಒಳಗೆ ಬರಕೂಡದು ಎಂಬುದು ಅದರ ಅರ್ಥ. ಜೀಪು ಬಂದರೂ ಅಗಸಿಯಲ್ಲಿ ನಿಲ್ಲಬೇಕು, ಕೇಳಬೇಕು. ಜಪ್ತಿ ಮಾಡಿ ಒಯ್ದ ಸಾಮಾನನ್ನು ರೈತರು ಹೋಗಿ ತಿರುಗಿ ತಂದದ್ದೂ ಉಂಟು. ಆ ಬೋರ್ಡಿನಲ್ಲಿ ಇದ್ದದ್ದು ಒಂದೇ ಮಾತು: ನಮ್ಮ ಬಾಗಿಲಿಗೆ ಬರುವವನು ಮೊದಲು ನಮ್ಮನ್ನು ಕೇಳಲಿ.

ಈಗ ಜೀಪು ಬೇಕಿಲ್ಲ. ಅಗಸಿ ದಾಟುವ ಗರಜೂ ಇಲ್ಲ. ಅಂದು ವಸೂಲಿಗೆ ಬರುವವನನ್ನು ನಿಲ್ಲಿಸಿದೆವು; ಇಂದು ಸಾಲ ಕೊಡುತ್ತೇನೆ ಎನ್ನುವವನು ನೆಟ್ಟಗೆ ಕಿಸೆಯೊಳಗೆ ಬಂದು ಗಂಟೆ ಬಾರಿಸುತ್ತಾನೆ. ಇಂದು ಕೊಡಲು ಬಂದವನ ಹಿಂದೆಯೇ ನಾಳೆ ವಸೂಲಿಯವನು ಇದ್ದಾನೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕೇ?

ನಮ್ಮ ನಂಬರು ಇವರಿಗೆ ಕೊಟ್ಟವರು ಯಾರು? ಒಂದು ಸಲ ಟ್ರ್ಯಾಕ್ಟರ್ ಪ್ರದರ್ಶನಕ್ಕೆ ಹೋದಾಗ ಲಕ್ಕಿ ಡ್ರಾ ಎಂದು ಚೀಟಿ ಕೊಟ್ಟರು. ಹೆಸರು, ಊರು, ಎಕರೆ, ನಂಬರು ಬರೆದು ಡಬ್ಬಿಗೆ ಹಾಕಿದೆ. ಬಹುಮಾನ ಬರಲಿಲ್ಲ, ಫೋನು ಬರಹತ್ತಿದವು. ಚೀಟಿಯ ಅಡಿಗೆ ಇರುವೆಯಂಥ ಅಕ್ಷರದಲ್ಲಿ ಏನೋ ಇತ್ತು, ಓದಲಿಲ್ಲ. ನೀವೂ ಓದಿರಲಿಕ್ಕಿಲ್ಲ. ಅಂಗಡಿಯ ಬಿಲ್ಲಿಗೆ ನಂಬರು, ಮೊಬೈಲಿನ ಆಪಿಗೆ "ಒಪ್ಪಿಗೆ" ಎಂದು ಬೆರಳು, ಹೀಗೆ ನಾವೇ ಬಿತ್ತಿದ ಬೀಜವೂ ಇದರಲ್ಲಿ ಅಷ್ಟಿಷ್ಟು ಇದೆ. ಆದರೆ ಟ್ರ್ಯಾಕ್ಟರಿಗೆ ಕೊಟ್ಟ ನಂಬರು ಸಾಲದವನ ಕೈಗೆ, ಪ್ಲಾಟಿನವನ ಕೈಗೆ ಹೋದರೆ ಅದು ನಮ್ಮ ತಪ್ಪಲ್ಲ. ಹೊಲ ಎಷ್ಟು, ಬೆಳೆ ಯಾವುದು, ಕೈಯಲ್ಲಿ ರೊಕ್ಕ ಇಲ್ಲದ ತಿಂಗಳು ಯಾವುದು ಎಂಬ ಲೆಕ್ಕ ಇಂದು ಮಾರಾಟದ ಮಾಲು. ನಾವು ಬೆಳೆದ ಮಾಲಿಗೆ ದರ ಇಲ್ಲ. ನಮ್ಮ ನಂಬರಿಗೆ ದರ ಇದೆ. ಆ ರೊಕ್ಕವೂ ನಮಗೆ ಬರುವುದಿಲ್ಲ.

ಗೋಪನಕೊಪ್ಪದಂಥ ಊರಲ್ಲಿ ಇದರ ಬಿಸಿ ಎರಡು ಕಡೆಯಿಂದ. ಊರು ಹುಬ್ಬಳ್ಳಿಗೆ ಸೇರಿ ಹೋಗಿದೆ, ಸುತ್ತ ಕಲ್ಲು ನೆಟ್ಟ ಲೇಔಟುಗಳು. ಬೆಳಿಗ್ಗೆ ಒಬ್ಬ ಸಾಲ ಕೊಡುತ್ತೇನೆ ಅನ್ನುತ್ತಾನೆ, ಸಂಜೆ ಇನ್ನೊಬ್ಬ ಹೊಲ ಕೊಡುತ್ತೀರೇನು ಅನ್ನುತ್ತಾನೆ. ಸಾಲದ ಕಂತು ತಪ್ಪಿದವನಿಗೆ ಸಂಜೆಯ ಮಾತು ಸಿಹಿಯಾಗಿ ಕೇಳುತ್ತದೆ. ಅದೇ ಭಯ.

ಆ "ಮಂಜೂರಾದ" ಸಾಲದ ಲೆಕ್ಕವನ್ನು ಒಮ್ಮೆ ಮಾಡೋಣ. "ತಿಂಗಳಿಗೆ ನೂರಕ್ಕೆ ಎರಡೇ ರೂಪಾಯಿ" ಎಂದು 50,000 ಕೊಟ್ಟರು ಅನ್ನಿರಿ. ವರ್ಷಕ್ಕೆ ಬಡ್ಡಿ 12,000. ಕೂಡಿಸಿ ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ ಸುಮಾರು 5,167. ಕೇಳಲು ನೂರಕ್ಕೆ 24 ಆಯಿತು. ಆದರೆ ಪ್ರತಿ ತಿಂಗಳೂ ನೀವು ಅಸಲು ತೀರಿಸುತ್ತ ಹೋಗುತ್ತೀರಿ, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 50,000ದ ಮೇಲೇ. ನಿಜವಾದ ದರ ವರ್ಷಕ್ಕೆ ನೂರಕ್ಕೆ 40 ದಾಟುತ್ತದೆ. ಮೊದಲೇ ಮುರಿದುಕೊಳ್ಳುವ ಫೀ ಬೇರೆ. ಅದೇ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವನ್ನು 3 ಲಕ್ಷದವರೆಗೆ ಹೊತ್ತಿಗೆ ಸರಿಯಾಗಿ ತೀರಿಸಿದರೆ ಬೀಳುವುದು ನೂರಕ್ಕೆ 4. ಸೊಸಾಯಿಟಿಯ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 5 ಲಕ್ಷಕ್ಕೆ ಏರಿಸುವುದಾಗಿ ರಾಜ್ಯ ಸರಕಾರ 2023ರ ಬಜೆಟ್ಟಿನಲ್ಲಿ ಹೇಳಿತು. ಆ ಸಾಲ ಬೇಕಾದಷ್ಟು, ಬೇಕಾದಾಗ ಸಿಗುವುದಿಲ್ಲ ಎಂಬ ನಮ್ಮ ತಕರಾರು ಇದ್ದೇ ಇದೆ. ಅದು ಸಿಗದೆ ಉಳಿದ ಸಂದಿಯಲ್ಲೇ ಈ ಫೋನಿನವರು ನುಗ್ಗುತ್ತಾರೆ.

ಇನ್ನೊಂದು ಮಾತು ಅವರು ಹೇಳುವುದೇ ಇಲ್ಲ. ಕಂತು ಮುಂದಿನ ತಿಂಗಳಿಂದಲೇ ಸುರು. ನಮ್ಮ ಹೆಸರು ಬರುವುದು ಶ್ರಾವಣ ಭಾದ್ರಪದಕ್ಕೆ, ಹತ್ತಿ ದೀಪಾವಳಿಯ ಸುತ್ತಮುತ್ತ, ಕಡಲೆ ಬೇಸಿಗೆ ಬಾಯಿಗೆ. ತಿಂಗಳ ಪಗಾರದವನಿಗೆ ಹೊಲಿದ ಅಂಗಿಯನ್ನು ಹಂಗಾಮಿನವನಿಗೆ ತೊಡಿಸಿದರೆ ಹರಿಯದೆ ಏನಾದೀತು?

ಬರಿಯ ಕಳ್ಳ ಆಪುಗಳ ಮಾತು ಬೇರೆಯೇ ಇದೆ. 2021ರಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯಗುಂಪು ಸಾಲ ಕೊಡುವ ಸುಮಾರು 1,100 ಆಪುಗಳನ್ನು ಎಣಿಸಿ, ಅದರಲ್ಲಿ 600 ಕಾನೂನುಬಾಹಿರ ಎಂದಿತು. ನಮ್ಮ ರಾಜ್ಯದಲ್ಲಿ ಕಿರುಸಾಲದ ವಸೂಲಿಗಾರರ ಜುಲುಮೆ ತಾಳದೆ ಜನ ಊರು ಬಿಟ್ಟರು, ಜೀವ ಬಿಟ್ಟರು. ಆಮೇಲೆ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಹತ್ತು ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಎಂದು. ಬಂದದ್ದು ಒಳ್ಳೆಯದೇ. ಆದರೆ ಅದು ಬೆಂಕಿ ಹತ್ತಿದ ಮೇಲಿನ ನೀರು. ಕಿಡಿ ಹಾರುವುದು ಕರೆಯದೆ ಬಂದ ಆ ಮೊದಲ ಫೋನಿನಲ್ಲಿ.

ಹಂಗಾದರೆ ತಡೆಯಲು ಏನೂ ಇಲ್ಲವೇ? ಇದೆ. ಹಳ್ಳಿಯ ರೈತನಿಗೆ ಅದನ್ನು ಯಾರೂ ಬಂದು ಹೇಳಲಿಲ್ಲ, ಅಷ್ಟೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಲ್ಲೇ ಇಂಥ ಕರೆ ಬೇಡ ಎನ್ನುವವರ ಪಟ್ಟಿ ಮಾಡಲು ನಿಯಮ ತಂದಿತು. 2010ರಲ್ಲಿ, 2018ರಲ್ಲಿ ಅದನ್ನು ಬಿಗಿ ಮಾಡಿತು, 2025ರ ಫೆಬ್ರುವರಿಯಲ್ಲಿ ಮತ್ತೆ ತಿದ್ದಿತು. ಅದರ ಬಾಗಿಲು 1909 ಎಂಬ ನಂಬರು. ನಿಮ್ಮ ಫೋನಿನಿಂದಲೇ ಅದಕ್ಕೆ ಕರೆ ಮಾಡಿ ಎಲ್ಲ ಜಾಹೀರಾತು ಬೇಡ ಎಂದು ಬರೆಸಬಹುದು; ಇಲ್ಲವೆ ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂದು ಬರೆದು, ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಕಳಿಸಬಹುದು. ರೊಕ್ಕ ಇಲ್ಲ. ಬ್ಯಾಂಕಿನ ಜಮಾ ಖರ್ಚಿನ ಸಂದೇಶ ನಿಲ್ಲುವುದಿಲ್ಲ, ಹೆದರಬೇಡಿರಿ.

ಕೆಲವು ಗುರುತು ನೆನಪಿಡಿರಿ. ನಿಯಮದ ಪ್ರಕಾರ ಜಾಹೀರಾತಿನ ಕರೆ 140ರಿಂದ ಸುರುವಾಗುವ ನಂಬರಿನಿಂದಲೇ ಬರಬೇಕು. ಬ್ಯಾಂಕು ಮುಂತಾದವರ ಸೇವೆಯ ಕರೆಗೆ 1600 ಎಂದು ಬೇರೆ ಸಾಲು ಇದೆ. ಸಂದೇಶ ಕಳಿಸಿದವರ ಹೆಸರಿನ ಕೊನೆಗೆ ಇಂಗ್ಲಿಷಿನ 'ಪಿ' ಇದ್ದರೆ ಜಾಹೀರಾತು, 'ಎಸ್' ಸೇವೆಯದು, 'ಟಿ' ವ್ಯವಹಾರದ್ದು, 'ಜಿ' ಸರಕಾರದ್ದು. ಸಾದಾ ಹತ್ತಂಕಿಯ ನಂಬರಿನಿಂದ ಸಾಲ ಮಾರುವವನು ಅಲ್ಲಿಯೇ ನಿಯಮ ಮುರಿದ. ಅವನ ನಂಬರು, ತಾರೀಖು, ಹೇಳಿದ ಮಾತು ಇಷ್ಟನ್ನು ಏಳು ದಿನದೊಳಗೆ 1909ಕ್ಕೆ ದೂರು ಕೊಡಿರಿ. ಮೊದಲು ಪಟ್ಟಿಯಲ್ಲಿ ಹೆಸರು ಇದ್ದರೆ ಮಾತ್ರ ದೂರು ನಡೆಯುತ್ತಿತ್ತು. 2025ರಿಂದ ನೋಂದಾಯಿಸದೆ ಕರೆ ಮಾಡುವವರ ಮೇಲೆ ಯಾರು ಬೇಕಾದರೂ ದೂರಬಹುದು. ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಸಾಕು, ಕ್ರಮ ಆಗಬೇಕು. ಮೋಸದ ವಾಸನೆ ಬಂದರೆ ದೂರಸಂಪರ್ಕ ಇಲಾಖೆಯ ಚಕ್ಷು ಇದೆ. ರೊಕ್ಕ ಹೋಗಿಯೇ ಬಿಟ್ಟರೆ ತಡಮಾಡದೆ 1930.

ಈ ಐದು ದೂರು ಎಂಬ ಮಾತನ್ನು ಇನ್ನೊಮ್ಮೆ ಓದಿರಿ. ಒಬ್ಬ ರೈತ ಸಿಟ್ಟಿನಿಂದ ಬೈದು ಇಟ್ಟರೆ ಏನೂ ಆಗುವುದಿಲ್ಲ. ಬೈಸಿಕೊಳ್ಳುವವರು ತಿಂಗಳ ಪಗಾರಕ್ಕೆ ಕುಂತ ಯಾವುದೋ ಊರಿನ ಮಕ್ಕಳು, ಅವರಲ್ಲಿ ನಮ್ಮಂಥವರ ಮಕ್ಕಳೂ ಇದ್ದಾರು. ಅದೇ ನಂಬರಿನ ಮೇಲೆ ಒಂದು ಊರಿನ ಐದು ಮನೆಯವರು ದೂರು ಬರೆದರೆ ಆ ನಂಬರು ಬಂದ್ ಆಗುವ ದಾರಿ ಇದೆ. 2024ರ ಮೊದಲ ಆರು ತಿಂಗಳಲ್ಲಿ ದೇಶದಲ್ಲಿ 7.9 ಲಕ್ಷಕ್ಕೂ ಮೇಲೆ ದೂರು ಬಿದ್ದವು. ಆಗಸ್ಟಿನಲ್ಲಿ ಟ್ರಾಯ್ ಕಟ್ಟುನಿಟ್ಟು ಆದೇಶ ಹೊರಡಿಸಿತು. ಸೆಪ್ಟೆಂಬರ್ ಮೊದಲ ವಾರಕ್ಕೆ 2.75 ಲಕ್ಷ ಸಂಪರ್ಕ ಕತ್ತರಿಸಿದ ಲೆಕ್ಕ ಕೊಟ್ಟಿತು. ದೂರಿದ್ದಕ್ಕೆ ಅಷ್ಟಾಯಿತು. ಆ ದೂರಿನಲ್ಲಿ ಹಳ್ಳಿಯ ಪಾಲು ಎಷ್ಟಿದ್ದೀತು, ನಿಮ್ಮ ಎದೆ ಮುಟ್ಟಿ ಹೇಳಿರಿ.

ನಿಯಮದಲ್ಲಿ ತೂತುಗಳೂ ಇವೆ, ಮುಚ್ಚಿಟ್ಟು ಹೇಳುವುದಿಲ್ಲ. ವಾಟ್ಸಾಪಿನ ಜಾಹೀರಾತಿಗೆ 1909 ತಾಗುವುದಿಲ್ಲ. ಅಲ್ಲಿಯೇ ತಡೆಹಾಕಿ ವರದಿ ಮಾಡಬೇಕು. ಚೀಟಿಯ ಸಣ್ಣಕ್ಷರದಲ್ಲಿ ನೀವು ಒಪ್ಪಿಗೆ ಕೊಟ್ಟಿದ್ದರೆ ಆ ಕಂಪನಿ "ಇವರೇ ಹೂಂ ಅಂದಿದ್ದಾರೆ" ಅನ್ನುತ್ತದೆ. ಒಂದು ನಂಬರು ಬಂದ್ ಆದರೆ ಇನ್ನೊಂದು ಸಿಮ್ಮಿನಿಂದ ಮತ್ತೆ ಸುರು. ನಮ್ಮ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಆಯಿತು, ಅದರ ನಿಯಮ ಹೊರಬಂದದ್ದು 2025ರ ನವೆಂಬರಿನಲ್ಲಿ, ಅದರ ಮೇಲೆ ಕಂಪನಿಗಳಿಗೆ ಸಜ್ಜಾಗಲು ಹದಿನೆಂಟು ತಿಂಗಳ ಸವಲತ್ತು. ರೈತನ ಕಂತಿಗೆ ಹದಿನೆಂಟು ದಿನದ ಸವಲತ್ತು ಕೊಟ್ಟವರನ್ನು ನಾನು ಕಂಡಿಲ್ಲ.

ಆದ್ದರಿಂದ ಬಾಂಧವರೇ, ಕೆಲಸ ಎರಡು ಕಡೆ ಇದೆ.

ಒಂದು ನಮ್ಮ ಕೈಯಲ್ಲಿರುವುದು. ಮುಂದಿನ ಅಮಾವಾಸ್ಯೆಗೆ, ಎತ್ತು ಬಿಟ್ಟ ದಿನ, ಊರ ಗುಡಿಯ ಕಟ್ಟೆಗೆ ಎಲ್ಲರೂ ಫೋನು ಹಿಡಿದು ಬರ್ರಿ. ಹೈಸ್ಕೂಲಿಗೆ ಹೋಗುವ ಹುಡುಗ ಹುಡುಗಿಯರನ್ನು ಕೂಡಿಸಿರಿ. ಒಬ್ಬೊಬ್ಬರ ನಂಬರನ್ನೂ 1909ಕ್ಕೆ ಬರೆಸಿರಿ. ತಾಯಂದಿರ ಫೋನು ಮರೆಯಬೇಡಿರಿ, ಸಂಘದ ಹೆಸರಲ್ಲಿ ಸಾಲದ ಕರೆ ಅವರಿಗೂ ಬರುತ್ತವೆ. ಒಂದು ವಹಿ ಇಡಿರಿ: ಯಾವ ನಂಬರಿನಿಂದ, ಯಾವ ದಿನ, ಏನು ಮಾರಲು ಬಂದ. ಎರಡು ಮನೆಗೆ ಬಂದ ನಂಬರು ಕಂಡರೆ ಇಡೀ ಊರು ದೂರಲಿ. ಸಾಲ ಬೇಕೇ ಬೇಕಾದರೆ ಫೋನಿನಲ್ಲಿ ಹೂಂ ಅನ್ನಬೇಡಿರಿ. "ಮುಖ್ಯ ಸಂಗತಿಗಳ ಪತ್ರ ನಮಗೆ ತಿಳಿಯುವ ಭಾಷೆಯಲ್ಲಿ ಕೊಡ್ರಿ, ವರ್ಷದ ಒಟ್ಟು ದರ ಅದರಲ್ಲಿ ಬರೀರಿ" ಎಂದು ಕೇಳಿರಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸಿನವರು ಅದನ್ನು ಕೊಡಲೇಬೇಕು. ಕೊಡದವನು ಸಾಹುಕಾರನಲ್ಲ, ಬಲೆಗಾರ.

ಇನ್ನೊಂದು ನಾವು ಬಾಯಿ ಬಿಟ್ಟು ಕೇಳಬೇಕಾದದ್ದು. ಬೇಡ ಎಂದು ಬರೆಸುವ ಭಾರ ನಮ್ಮ ಮೇಲೆ ಏಕೆ? ಬೇಕು ಎಂದವನಿಗೆ ಮಾತ್ರ ಕರೆ ಹೋಗಲಿ, ಉಳಿದವರೆಲ್ಲ ತಾವಾಗಿಯೇ ಪಟ್ಟಿಯಲ್ಲಿರಲಿ. ಹೊಲಕ್ಕೆ ಬೇಲಿ ಇಲ್ಲ ಎಂದ ಮಾತ್ರಕ್ಕೆ ದನ ಬಿಡಲು ಪರವಾನಗಿ ಸಿಕ್ಕಿತೇ? ನಂಬರು ಮಾರಿದವನಿಗೂ ಕೊಂಡವನಿಗೂ ಶಿಕ್ಷೆ ಆಗಲಿ. ದೂರಿಗೆ ಉತ್ತರ ಕನ್ನಡದಲ್ಲಿ ಬರಲಿ. ಎಲ್ಲಕ್ಕಿಂತ ಮೊದಲು ಬೆಳೆಸಾಲ ಹೊತ್ತಿಗೆ ಸಿಗಲಿ, ಬೆಳೆಗೆ ದರ ಸಿಗಲಿ. ಕೈಯಲ್ಲಿ ರೊಕ್ಕ ಇದ್ದವನಿಗೆ ಐದು ಲಕ್ಷ ಮಂಜೂರಾದ ಸುದ್ದಿ ಬರಿಯ ಗದ್ದಲವಾಗಿ ಕೇಳುತ್ತದೆ. ಇಲ್ಲದವನಿಗೆ ಅದು ದೇವರ ದನಿಯಂತೆ ಕೇಳುತ್ತದೆ. ಅದೇ ಅಪಾಯ.

ನಮ್ಮ ಹಿರಿಯರು ಅಗಸಿಯಲ್ಲಿ ಬೋರ್ಡು ನೆಡಲು ತಗ್ಗು ತೋಡಬೇಕಾಯಿತು, ಕೇಸು ಎದುರಿಸಬೇಕಾಯಿತು, ಲಾಠಿ ತಿನ್ನಬೇಕಾಯಿತು. ನಮಗೆ ಬೇಕಾದದ್ದು ನಾಲ್ಕು ಅಂಕಿ ಒತ್ತುವಷ್ಟು ಕೆಲಸ, ಮತ್ತು ಒಂದು ಊರಾಗಿ ಕೂಡುವಷ್ಟು ಮನಸ್ಸು. ಮುಂದಿನ ಸುಗ್ಗಿಗೆ ಫೋನು ಬಡಕೊಂಡಾಗ ಅದು ನಮ್ಮ ಮಾಲಿನ ದರದ ಫೋನೇ ಆಗಿರಲಿ.