ಮೀಟರಿನ ಕೆಂಪು ಕಣ್ಣು ಮತ್ತು ಒಂಬತ್ತು ವಾಟಿನ ಬಲ್ಬು

ಆಷಾಢದ ಮಳೆ ಹಿಡಿಯಿತೆಂದರೆ ಸಕಲೇಶಪುರದ ಸುತ್ತಮುತ್ತ ಸಂಜೆ ಆರಕ್ಕೇ ಕತ್ತಲು ಕವಿಯುತ್ತದೆ. ಆನೇಮಹಲ್‌ನಂಥ ಊರಿನಲ್ಲಿ ಶಾಲೆಯಿಂದ ಬಂದ ಮಕ್ಕಳು ಒದ್ದೆ ಕೊಡೆಯನ್ನು ಮೂಲೆಗಿಟ್ಟು ಪುಸ್ತಕ ತೆರೆಯುವ ಹೊತ್ತಿಗೆ ದೀಪ ಹಾಕಲೇಬೇಕು. ಕರೆಂಟು ಇದ್ದರೆ ಸರಿ. ಎಲ್ಲೋ ತೋಟದ ಸಿಲ್ವರ್ ಓಕ್ ಮರದ ಕೊಂಬೆ ತಂತಿಯ ಮೇಲೆ ಬಿದ್ದಿದ್ದರೆ ಅಂದಿನ ಓದು ಅಲ್ಲಿಗೆ ಮುಗಿಯಿತು. ಕರೆಂಟು ಇದ್ದೂ ವೋಲ್ಟೇಜ್ ಇಲ್ಲದಿದ್ದರೆ ಇನ್ನೊಂದು ಬಗೆಯ ಕಷ್ಟ. ಹಿಂದಿನ ಗಾಜಿನ ಬಲ್ಬು ಕೆಂಡದಂತೆ ಕೆಂಪಗೆ ಮಿನುಗುತ್ತಿತ್ತೇ ಹೊರತು ಅಕ್ಷರ ಕಾಣುವಷ್ಟು ಬೆಳಕು ಕೊಡುತ್ತಿರಲಿಲ್ಲ. ಮಲೆನಾಡಿನ ಹಿರಿಯರಿಗೆ ಈ ಕೆಂಪು ಮಿನುಗು ಚೆನ್ನಾಗಿ ನೆನಪಿರುತ್ತದೆ. ಇಂದಿನ ಮಕ್ಕಳಲ್ಲಿ ಅನೇಕರು ಅದನ್ನು ಕಂಡಿರಲಾರರು. ಕಳೆದ ಹತ್ತು ವರ್ಷಗಳಲ್ಲಿ ಆ ಬಲ್ಬು ಹೋಲ್ಡರಿನಿಂದ ಸದ್ದಿಲ್ಲದೆ ಇಳಿದುಹೋಗಿ ಅದರ ಜಾಗಕ್ಕೆ ಎಲ್‌ಇಡಿ ಬಂದಿದೆ.

ಹಳೆಯ ಬಲ್ಬಿನ ಸ್ವಭಾವವನ್ನು ಮೊದಲು ತಿಳಿಯಬೇಕು. ಅದರೊಳಗಿನ ಟಂಗ್‌ಸ್ಟನ್ ತಂತು ವಿದ್ಯುತ್ತಿನಿಂದ ಕಾದು ಬೆಳಗುತ್ತದೆ. ಅದು ಹೀರಿದ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ನೂರಕ್ಕೆ ಸುಮಾರು ಐದು ಭಾಗ ಮಾತ್ರ. ಉಳಿದದ್ದೆಲ್ಲ ಶಾಖ. ಬೆಳಕು ಬೇಕೆಂದು ಒಲೆ ಹಚ್ಚಿದಂತೆ! ಅದರ ಇನ್ನೊಂದು ದೋಷ ವೋಲ್ಟೇಜಿಗೆ ಸಂಬಂಧಿಸಿದ್ದು. 230 ವೋಲ್ಟ್ ಇರಬೇಕಾದಲ್ಲಿ 170 ವೋಲ್ಟ್ ಬಂದರೆ, ಅಂದರೆ ವೋಲ್ಟೇಜ್ ಕಾಲು ಭಾಗದಷ್ಟು ತಗ್ಗಿದರೆ, ಬೆಳಕು ಕಾಲು ಭಾಗ ಮಾತ್ರ ತಗ್ಗುವುದಿಲ್ಲ. ತಂತುವಿನ ಬಿಸಿ ಇಳಿದ ಹಾಗೆ ಬೆಳಕು ಅದಕ್ಕಿಂತ ಬೇಗ ಕುಸಿದು, ಸುಮಾರು ಮೂರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ವಿದ್ಯುತ್ ಮಾರ್ಗದ ಕೊನೆಯಲ್ಲಿರುವ ಗುಡ್ಡದ ಮನೆಗಳಿಗೂ ತೋಟದ ಲೈನ್ ಮನೆಗಳಿಗೂ ಬೆಳಕಿನ ಬಡತನ ಬಂದದ್ದು ಹೀಗೆ.

ಎಲ್‌ಇಡಿ ಎಂದರೆ ಬೆಳಕು ಸೂಸುವ ಡಯೋಡ್. ಇದರಲ್ಲಿ ತಂತುವೂ ಇಲ್ಲ, ಕಾಯಿಸುವುದೂ ಇಲ್ಲ. ಎರಡು ಬಗೆಯ ಅರೆವಾಹಕ ಪದರಗಳು ಕೂಡುವಲ್ಲಿ ಎಲೆಕ್ಟ್ರಾನ್ ತನಗಾಗಿ ಇರುವ ಖಾಲಿ ಜಾಗಕ್ಕೆ ಬೀಳುತ್ತದೆ. ಬೀಳುವಾಗ ಬಿಟ್ಟುಕೊಟ್ಟ ಶಕ್ತಿ ನೇರವಾಗಿ ಬೆಳಕಾಗಿ ಹೊರಬರುತ್ತದೆ. ಯಾವ ಬಣ್ಣ ಎಂಬುದು ಆ ಪದಾರ್ಥವನ್ನು ಅವಲಂಬಿಸಿದೆ. ಕೆಂಪು ಬೆಳಕಿನ ಡಯೋಡನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಆದರೆ ಮನೆ ಬೆಳಗಲು ಬಿಳಿ ಬೆಳಕು ಬೇಕು. ಬಿಳಿ ಬೆಳಕಿಗೆ ನೀಲಿ ಬೇಕು. ಆ ನೀಲಿ ಮೂವತ್ತು ವರ್ಷ ಕೈಗೆ ಸಿಗಲಿಲ್ಲ. ಜಪಾನಿನ ಅಕಾಸಾಕಿ ಮತ್ತು ಅಮಾನೊ ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಪದಾರ್ಥವನ್ನು ಪಳಗಿಸಿದರು. ನಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ತಂದರು. ಅದಕ್ಕೆ ಹಳದಿ ಬೆಳಗುವ ರಂಜಕದ ಲೇಪ ಹಚ್ಚಿದಾಗ ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಂಡಿತು. ಈ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು.

ಬಹುಮಾನ ಬಂದ ವರ್ಷದಲ್ಲಿ ಈ ಬಲ್ಬು ಬಡವರ ವಸ್ತುವಾಗಿರಲಿಲ್ಲ. ಗಾಜಿನ ಬಲ್ಬು ಹತ್ತು ಹದಿನೈದು ರೂಪಾಯಿಗೆ ಸಿಗುತ್ತಿದ್ದಾಗ ಎಲ್‌ಇಡಿಗೆ ಮುನ್ನೂರು, ನಾನೂರು ಕೊಡಬೇಕಿತ್ತು. ಮುಂದೆ ಉಳಿತಾಯವಾಗುತ್ತದೆಂದು ಲೆಕ್ಕ ಹೇಳಿದರೆ ಸಾಲದು. ದಿನಗೂಲಿಯವರು ಇಂದು ನಾನೂರು ರೂಪಾಯಿ ಕೈಬಿಡಬೇಕಲ್ಲ! ಈ ಗಂಟನ್ನು ಬಿಡಿಸಿದ್ದು ವ್ಯಾಪಾರದ ಒಂದು ಸರಳ ಉಪಾಯ. ಕೇಂದ್ರ ಸರ್ಕಾರದ ಕಡೆಯಿಂದ ಎನರ್ಜಿ ಎಫಿಷಿಯೆನ್ಸಿ ಸರ್ವೀಸಸ್ ಲಿಮಿಟೆಡ್ ಎಂಬ ಸಂಸ್ಥೆ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಸಗಟಾಗಿ ಟೆಂಡರು ಕರೆಯಿತು. ಅಷ್ಟು ದೊಡ್ಡ ಬೇಡಿಕೆ ಖಚಿತವೆಂದಾಗ ತಯಾರಕರು ಪೈಪೋಟಿಗೆ ಬಿದ್ದರು. 2014ರಲ್ಲಿ ತೆರಿಗೆ ಬಿಟ್ಟು 310 ರೂಪಾಯಿ ಇದ್ದ ಖರೀದಿ ಬೆಲೆ ಕೆಲವೇ ವರ್ಷಗಳಲ್ಲಿ 40 ರೂಪಾಯಿಗಿಂತ ಕೆಳಗಿಳಿಯಿತು. 2015ರ ಜನವರಿಯಲ್ಲಿ ಆರಂಭವಾದ ಈ ಕಾರ್ಯಕ್ರಮಕ್ಕೆ ‘ಉಜಾಲಾ’ ಎಂಬ ಹೆಸರು ಬಂತು. ಕರ್ನಾಟಕದಲ್ಲಿ ಇದು ಅದೇ ವರ್ಷದ ಕೊನೆಗೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಶುರುವಾಗಿ, ಒಂಬತ್ತು ವಾಟಿನ ಬಲ್ಬು ನೂರು ರೂಪಾಯಿಗೆ ಗ್ರಾಹಕರ ಕೈಸೇರಿತು. ದೇಶದಲ್ಲಿ ಈವರೆಗೆ ಹೀಗೆ ಹಂಚಿಕೆಯಾದ ಬಲ್ಬುಗಳು 36 ಕೋಟಿಗೂ ಹೆಚ್ಚು.

ಒಂಬತ್ತು ವಾಟ್ ಅರವತ್ತು ವಾಟಿಗೆ ಸಮ ಎಂದರೆ ಹಲವರಿಗೆ ನಂಬಿಕೆ ಬರುವುದಿಲ್ಲ. ಕಾರಣ, ವಾಟ್ ಎಂದರೆ ಬೆಳಕಿನ ಅಳತೆ ಎಂದು ತಿಳಿದಿರುವುದು. ವಾಟ್ ಹೇಳುವುದು ಬಲ್ಬು ತಿನ್ನುವುದೆಷ್ಟು ಎಂಬುದನ್ನು. ಕೊಡುವುದೆಷ್ಟು ಎಂಬುದನ್ನು ಹೇಳುವ ಮಾನ ಲ್ಯೂಮೆನ್. ಅರವತ್ತು ವಾಟಿನ ಹಳೆಯ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಒಂಬತ್ತು ವಾಟಿನ ಒಳ್ಳೆಯ ಎಲ್‌ಇಡಿ 800ರಿಂದ 900 ಕೊಡುತ್ತದೆ.

ಇದನ್ನು ಪುಸ್ತಕದ ಮಾತೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಹೈಸ್ಕೂಲಿನ ವಿದ್ಯಾರ್ಥಿ ಮನೆಯಲ್ಲೇ ಪರೀಕ್ಷಿಸಬಹುದು. ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದೂ ಎಲ್‌ಇಡಿಯೇ. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂಬುದನ್ನು ಅಚ್ಚು ಹಾಕಿರುತ್ತಾರೆ. ಅದು 3200 ಎಂದಿದೆ ಎನ್ನೋಣ. ಹಿರಿಯರ ಒಪ್ಪಿಗೆ ಪಡೆದು ಫ್ರಿಜ್ಜು, ಟೀವಿ, ಫ್ಯಾನು ಎಲ್ಲವನ್ನೂ ಆರಿಸಿ, ಒಂದೇ ಒಂದು ಅರವತ್ತು ವಾಟಿನ ಬಲ್ಬು ಉರಿಸಿ ಗಡಿಯಾರ ಹಿಡಿದು ನಿಂತರೆ, ಸುಮಾರು 19 ಸೆಕೆಂಡಿಗೊಮ್ಮೆ ಮೀಟರು ಕಣ್ಣು ಮಿಟುಕಿಸುತ್ತದೆ. ಅದನ್ನು ಆರಿಸಿ ಒಂಬತ್ತು ವಾಟಿನದನ್ನು ಉರಿಸಿದರೆ ಒಂದು ಮಿಟುಕಿಗೆ 125 ಸೆಕೆಂಡು, ಅಂದರೆ ಎರಡು ನಿಮಿಷಕ್ಕೂ ಹೆಚ್ಚು ಕಾಯಬೇಕು. ಕಾಯುವ ಆ ಬೇಸರವೇ ಉಳಿತಾಯದ ಅಳತೆ. ಮೀಟರನ್ನು ಮುಟ್ಟಬಾರದು, ಅದರ ಮುಚ್ಚಳ ತೆರೆಯಬಾರದು ಎಂಬುದನ್ನು ಮಾತ್ರ ಮರೆಯಬಾರದು. ಕಣ್ಣು ಮತ್ತು ಗಡಿಯಾರ ಇದ್ದರೆ ಈ ಪ್ರಯೋಗಕ್ಕೆ ಸಾಕು.

ತಿಂಗಳ ಲೆಕ್ಕವೂ ಕಷ್ಟವಲ್ಲ. ನಾಲ್ಕು ಬಲ್ಬು, ದಿನಕ್ಕೆ ಐದು ಗಂಟೆ, ಮೂವತ್ತು ದಿನ. ಅರವತ್ತು ವಾಟಿನವಾದರೆ 36 ಯೂನಿಟ್. ಒಂಬತ್ತು ವಾಟಿನವಾದರೆ ಐದೂವರೆ ಯೂನಿಟ್ಟಿಗೂ ಕಡಿಮೆ. ‘2023ರಿಂದ ಗೃಹಜ್ಯೋತಿ ಬಂದಿದೆ, ಬಿಲ್ಲೇ ಇಲ್ಲ, ಈ ಲೆಕ್ಕ ಯಾಕೆ’ ಎಂದು ಮಗ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಚಿತ ಎಂಬುದಕ್ಕೆ 200 ಯೂನಿಟ್ಟಿನ ಮಿತಿಯಿದೆ. ಅದರೊಳಗೂ ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಲೆಕ್ಕವಿದೆ. ಅದಕ್ಕಿಂತ ಮುಖ್ಯವಾದದ್ದು ಬೇರೊಂದಿದೆ. ಮನೆಮನೆಯ ದೀಪಗಳೆಲ್ಲ ಉರಿಯುವುದು ಒಂದೇ ಹೊತ್ತಿನಲ್ಲಿ, ಸಂಜೆ ಆರರಿಂದ ಹತ್ತರವರೆಗೆ. ಟ್ರಾನ್ಸ್‌ಫಾರ್ಮರ್ ತಿಣುಕುವುದೂ, ಸಾಲಿನ ಕೊನೆಯ ಮನೆಗೆ ವೋಲ್ಟೇಜ್ ಸಾಲದಾಗುವುದೂ ಆಗಲೇ. ಊರಿನ ನೂರು ಮನೆ ತಲಾ ಇನ್ನೂರು ವಾಟ್ ಇಳಿಸಿದರೆ ಆ ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ 20 ಕಿಲೋವಾಟ್ ಇಳಿಯಿತು. ಬಿಲ್ಲು ಬರಲಿ ಬಿಡಲಿ, ಇದರ ಲಾಭ ಹೆಚ್ಚಾಗಿ ದಕ್ಕುವುದು ಸಾಲಿನ ಕೊನೆಯ ಮನೆಯ ಮಗುವಿಗೆ.

ಕರೆಂಟೇ ಹೋದಾಗ? ಅಲ್ಲಿಯೂ ಎಲ್‌ಇಡಿಯಿಂದ ಬಹಳ ಅನುಕೂಲವಾಗಿದೆ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಬ್ಯಾಂಕ್ ಸಾಲದ ಮೂಲಕ ಸೌರದೀಪ ತಲುಪಿಸಿತು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ. ಶಾಲೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಿಸಿ ಮಕ್ಕಳು ಮನೆಗೊಯ್ದು ಓದುವ ಏರ್ಪಾಡನ್ನೂ ಆ ಸಂಸ್ಥೆ ಮಾಡಿದೆ. 40 ವಾಟ್-ಗಂಟೆ ಶಕ್ತಿಯ ಬ್ಯಾಟರಿ ಹತ್ತು ವಾಟಿನ ದೀಪವನ್ನು ನಾಲ್ಕು ಗಂಟೆ ಉರಿಸಿದರೆ, ನಾಲ್ಕು ವಾಟಿನದನ್ನು ಹತ್ತು ಗಂಟೆ ಉರಿಸುತ್ತದೆ. ವಾರಗಟ್ಟಲೆ ಬಿಸಿಲು ಕಾಣದ ಮಲೆನಾಡಿನ ಮಳೆಗಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಹೆಸರಿನಲ್ಲೇ ಆನೆಯನ್ನು ಇಟ್ಟುಕೊಂಡ ಈ ಸೀಮೆಯಲ್ಲಿ ಎಲ್‌ಇಡಿಗೆ ಮತ್ತೊಂದು ಕೆಲಸವೂ ದೊರಕಿದೆ. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡಾನೆ ಮತ್ತು ಮನುಷ್ಯ ಮುಖಾಮುಖಿಯಾಗುವುದು ಹಳೆಯ ಸಂಕಟ. 2014ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ನಂತರವೂ ಅದು ಮುಗಿಯಲಿಲ್ಲ. ಅನೇಕ ಸಾವುಗಳಿಗೆ ಕಾರಣ ಆನೆಯ ಕೋಪಕ್ಕಿಂತ, ಆನೆ ಅಲ್ಲಿದೆ ಎಂಬುದು ಗೊತ್ತಿಲ್ಲದೆ ಎದುರು ಹೋಗುವುದು. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು 2011ರ ಸುಮಾರಿಗೆ ಇದಕ್ಕೊಂದು ದಾರಿ ಕಂಡುಕೊಂಡರು. ಎತ್ತರದ ಕಂಬದ ಮೇಲೆ ಕೆಂಪು ಎಲ್‌ಇಡಿ ದೀಪ. ಅದಕ್ಕೊಂದು ಮೊಬೈಲ್ ಸಿಮ್. ಆನೆಗಳು ಹತ್ತಿರದಲ್ಲಿವೆ ಎಂದು ತಿಳಿದವರು ಫೋನಿನಿಂದಲೇ ದೀಪ ಹೊತ್ತಿಸುತ್ತಾರೆ. ದೂರದಿಂದಲೇ ಅದನ್ನು ಕಂಡ ಜನ ಎಚ್ಚರಗೊಳ್ಳುತ್ತಾರೆ. 2010ರ ದಶಕದ ಉತ್ತರಾರ್ಧದಲ್ಲಿ ಅರಣ್ಯ ಇಲಾಖೆಯ ಜೊತೆಗೂಡಿ ಈ ಕ್ರಮವನ್ನು ಹಾಸನ ಜಿಲ್ಲೆಯ ಈ ಭಾಗಕ್ಕೂ ತರಲಾಯಿತು. ಮೊಬೈಲಿಗೆ ಸಂದೇಶ ಕಳುಹಿಸುವ ವ್ಯವಸ್ಥೆಯೂ ಜೊತೆಗೆ ಬಂತು.

ಕೆಂಪು ಬೆಳಕು ಮಂಜಿನಲ್ಲಿ ಕಡಿಮೆ ಚದರುತ್ತದೆ, ಅದಕ್ಕೇ ಕೆಂಪು ಎಂದು ವಿದ್ಯಾರ್ಥಿ ಉತ್ತರ ಬರೆದರೆ ಅರ್ಧ ಅಂಕ ಕಳೆಯಬೇಕಾಗುತ್ತದೆ. ಗಾಳಿಯ ಅಣುಗಳಂಥ ಅತಿ ಸಣ್ಣ ಕಣಗಳ ವಿಷಯದಲ್ಲಿ ಆ ಮಾತು ನಿಜ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವು; ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚದರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದು ಅದಕ್ಕಾಗಿಯೇ. ಕೆಂಪನ್ನು ಎಲ್ಲರೂ ಅಪಾಯದ ಗುರುತೆಂದು ಬಲ್ಲರು, ಮಿಟುಕುವ ಕೆಂಪನ್ನು ಮನೆಯ ದೀಪವೆಂದು ಯಾರೂ ಭ್ರಮಿಸುವುದಿಲ್ಲ ಎಂಬುದು ಹೆಚ್ಚು ಸರಿಯಾದ ಉತ್ತರ.

ಗುಣಗಾನದ ಜೊತೆಗೆ ಎಚ್ಚರಿಕೆಯ ಮಾತೂ ಬೇಕು. ಸಂತೆಯಲ್ಲಿ ಐವತ್ತಕ್ಕೆ ಎರಡು ಎಂದು ಕೂಗಿ ಮಾರುವ ಬಲ್ಬು ಮೂರೇ ತಿಂಗಳಿಗೆ ಕೆಟ್ಟರೆ ‘ಎಲ್‌ಇಡಿ ಬಾಳಿಕೆ ಬರುವುದಿಲ್ಲ’ ಎಂಬ ಅಪವಾದ ಹುಟ್ಟುತ್ತದೆ. ಸಾಮಾನ್ಯವಾಗಿ ಕೆಡುವುದು ಡಯೋಡಲ್ಲ. ಬುಡದಲ್ಲಿರುವ, ಮನೆಯ ವಿದ್ಯುತ್ತನ್ನು ಡಯೋಡಿಗೆ ಹದಮಾಡಿ ಕೊಡುವ ಪುಟ್ಟ ಮಂಡಲ. ಅದಕ್ಕೆ ಶಾಖವೂ ಸಿಡಿಲಿನ ಹೊಡೆತವೂ ಆಗದು. ಒಳ್ಳೆಯ ಬಲ್ಬಿನಲ್ಲಿ ಈ ಮಂಡಲ ವೋಲ್ಟೇಜ್ ಏರಿಳಿದರೂ ಬೆಳಕನ್ನು ಸಮವಾಗಿಡುತ್ತದೆ. ಅಗ್ಗದ್ದರಲ್ಲಿ ಮೊದಲು ಕಡಿತವಾಗುವುದು ಅದೇ. ಕೊಳ್ಳುವಾಗ ಪೊಟ್ಟಣದ ಮೇಲೆ ಲ್ಯೂಮೆನ್ ಎಷ್ಟು, ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇದೆಯೇ, ಉಳಿತಾಯದ ನಕ್ಷತ್ರ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂದು ನೋಡಬೇಕು. ಸಿಡಿಲು ಮಿಂಚಿನ ಹೊತ್ತಿನಲ್ಲಿ ಮೇನ್ ಸ್ವಿಚ್ ಆರಿಸುವ ಹಿರಿಯರ ಅಭ್ಯಾಸ ಈಗಲೂ ಒಳ್ಳೆಯದೇ. ಹಳೆಯ ಸಿಎಫ್‌ಎಲ್, ಟ್ಯೂಬ್‌ಲೈಟುಗಳಲ್ಲಿ ಪಾದರಸವಿರುವುದರಿಂದ ಅವನ್ನು ತೋಟದ ಗುಂಡಿಗೆ ಎಸೆದು ಒಡೆಯಬಾರದು. ಎಲ್‌ಇಡಿಯಲ್ಲಿ ಪಾದರಸವಿಲ್ಲ, ಆದರೂ ಅದು ಎಲೆಕ್ಟ್ರಾನಿಕ್ ಕಸವೇ.

ಇನ್ನೊಂದು ಅಪಾಯ ಉಳಿತಾಯದ ಒಳಗೇ ಅಡಗಿದೆ. ಕಡಿಮೆ ತಿನ್ನುತ್ತದೆ ಎಂಬ ಧೈರ್ಯದಲ್ಲಿ ಅಂಗಳಕ್ಕೊಂದು, ಗೇಟಿಗೊಂದು, ಕೊಟ್ಟಿಗೆಯ ಹಿಂದಕ್ಕೊಂದು ಎಂದು ರಾತ್ರಿಯಿಡೀ ಬಿಳಿ ದೀಪ ಉರಿಸಿದರೆ ಉಳಿದದ್ದು ಅಲ್ಲೇ ಕರಗುತ್ತದೆ. ಮುಂಗಾರಿಗೆ ಮುನ್ನ ಈ ಗುಡ್ಡಗಳ ಮರಗಳಲ್ಲಿ ಮಿಣುಕುಹುಳುಗಳು ತಮ್ಮ ಜೊತೆಗಾರರನ್ನು ಕರೆಯುವುದು ಬೆಳಕಿನ ಭಾಷೆಯಲ್ಲಿ. ಶಾಖವಿಲ್ಲದ ತಣ್ಣನೆಯ ಬೆಳಕನ್ನು ಮನುಷ್ಯನಿಗಿಂತ ಎಷ್ಟೋ ಮೊದಲು ಕಲಿತ ಜೀವಿಗಳು ಅವು. ಅಂಗಳದ ಪ್ರಖರ ದೀಪದ ಎದುರು ಆ ಕರೆ ಯಾರಿಗೂ ಕಾಣಿಸುವುದಿಲ್ಲ. ಬೇಕಾದಲ್ಲಿ, ಬೇಕಾದಷ್ಟು ಹೊತ್ತು, ನೆಲದ ಕಡೆಗೆ ಮುಖಮಾಡಿದ ದೀಪ ಸಾಕು.

1980ರ ದಶಕದಲ್ಲಿ ಭಾಗ್ಯಜ್ಯೋತಿಯ ಒಂದೇ ಬಲ್ಬು ಬಂದಾಗ, ಅದರ ಕೆಳಗಿನ ಜಾಗಕ್ಕಾಗಿ ಅಡುಗೆಯೂ ಓದೂ ಪೈಪೋಟಿ ನಡೆಸಿದ್ದನ್ನು ಅನೇಕ ಮನೆಗಳ ಅಜ್ಜಿಯರು ಹೇಳಬಲ್ಲರು. ಆ ಒಂದು ಬಲ್ಬಿನ ವಿದ್ಯುತ್ತಿನಲ್ಲಿ ಇಂದು ನಾಲ್ಕೈದು ಕಡೆ ಬೆಳಕಾಗುತ್ತದೆ. ಈ ವಾರ ಮಕ್ಕಳು ಮೀಟರಿನ ಮಿಟುಕು ಎಣಿಸಲಿ. ಹಿರಿಯರು ಗಡಿಯಾರ ಹಿಡಿಯಲಿ. ಎಲ್ಲ ಸ್ವಿಚ್ಚುಗಳನ್ನು ಆರಿಸಿದ ಮೇಲೂ ಕೆಂಪು ಕಣ್ಣು ಮಿಟುಕುತ್ತಲೇ ಇದ್ದರೆ, ಮನೆಯಲ್ಲಿ ಇನ್ನೇನೋ ಸದ್ದಿಲ್ಲದೆ ವಿದ್ಯುತ್ ತಿನ್ನುತ್ತಿದೆ ಎಂದು ಅರ್ಥ. ಅದನ್ನು ಹುಡುಕುವುದೇ ಮುಂದಿನ ಪಾಠ.