ಟೊಳ್ಳು ಫರ್ಸಿ, ಹಸಿರು ಟೆಸ್ಟು

ನಮ್ಮೂರು ಶಹಾಬಾದ. ಹೌದು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಶಹಾಬಾದವೇ! ನಾನು ಸಣ್ಣವನಿದ್ದಾಗ ಮನೆಗೆ ಫರ್ಸಿ ಹಾಸಿದ ಗೌಂಡಿ, ಕೆಲಸ ಮುಗಿದ ಮೇಲೆ ಒಂದೊಂದೇ ಕಲ್ಲನ್ನು ಬಡಿದು ಕಿವಿಗೊಟ್ಟು ಕೇಳುತ್ತಿದ್ದ. "ಮ್ಯಾಲ ಎಲ್ಲಾ ಸಪಾಟ್ ಕಾಣ್ತದ ತಮ್ಮಾ. ಒಳಗ ಟೊಳ್ಳು ಅದನೋ ಇಲ್ಲೋ ಬಡದ್ರೇನೇ ತಿಳೀತದ" ಅಂದಿದ್ದ.

ಮೊನ್ನೆ ಆಫೀಸಿನಲ್ಲಿ ಅವನು ನೆನಪಾದ. ಫೈಲ್ ಕಾಪಿ ಮಾಡುವ ಕೋಡಿಗೆ ಹುಡುಗನೊಬ್ಬ ಟೆಸ್ಟ್ ಬರೆದು ರಿವ್ಯೂಗೆ ಕಳಿಸಿದ್ದ. ಸೊನ್ನೆಗಳನ್ನು ತುಂಬಿದ ಒಂದು ಎಂಬಿಯ ಫೈಲ್ ಮಾಡು, ಕಾಪಿ ಮಾಡು, ಎರಡನ್ನೂ ಹೋಲಿಸು, ಒಂದೇ ಇದ್ದರೆ ಪಾಸ್. ನಾನು ವಾಪಸ್ ಕಳಿಸಿದೆ. "ಸರ್, ಪಾಸ್ ಆಗ್ತಿದೆಯಲ್ಲ?" ಅಂತ ಮುಖ ಸಣ್ಣ ಮಾಡಿಕೊಂಡ. ನನ್ನ ತಕರಾರು ಅದೇ ಮಾರಾಯ್ರೆ... ಅದು ಯಾವಾಗ ಫೇಲ್ ಆಗುತ್ತದೆ?

2023ರ ಕಥೆ ಕೇಳಿ. ಆ ವರ್ಷದ ಅಕ್ಟೋಬರಿನಲ್ಲಿ ಓಪನ್‌ಝಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ಮಿನ 2.2.0 ಆವೃತ್ತಿ ಬಂತು. ನವೆಂಬರಿನಲ್ಲಿ ಕೆಲವರಿಗೆ ತಾವು ಕಾಪಿ ಮಾಡಿದ ಫೈಲುಗಳ ಒಳಗೆ, ಅಕ್ಷರ ಇರಬೇಕಾದ ಕಡೆ ಬರೀ ಸೊನ್ನೆಗಳು ಸಿಕ್ಕವು. ಮೂಲ ಫೈಲ್ ಸರಿ, ಕಾಪಿಯ ಅಳತೆ ಸರಿ, ಎರರ್ ಮಾತ್ರ ಇಲ್ಲ! ಮೊದಲು ಎಲ್ಲರೂ ಬೈದದ್ದು ಹೊಸ ಬ್ಲಾಕ್ ಕ್ಲೋನಿಂಗ್ ಸೌಲಭ್ಯವನ್ನು, 2.2.1ರಲ್ಲಿ ಅದನ್ನು ಆಫ್ ಮಾಡಿಯೂ ಆಯ್ತು. ಆದರೆ ನಿಜವಾದ ತಪ್ಪು ಅದಕ್ಕಿಂತ ಹಳೆಯದು. ಈಗಿನ ಸಿಪಿ ಕಮಾಂಡ್ ಸಮಯ ಉಳಿಸಲು "ಈ ಫೈಲಿನಲ್ಲಿ ಖಾಲಿ ಜಾಗ ಎಲ್ಲಿದೆ?" ಎಂದು ಫೈಲ್‌ಸಿಸ್ಟಮ್ಮನ್ನು ಕೇಳಿ, ಆ ಭಾಗವನ್ನು ಓದದೇ ದಾಟುತ್ತದೆ. ಆಗಷ್ಟೇ ಬರೆದ, ಇನ್ನೂ ಡಿಸ್ಕಿಗೆ ಇಳಿಯದ ಮಾಹಿತಿಯನ್ನೂ ಒಂದು ಕ್ಷಣದ ಮಟ್ಟಿಗೆ ಫೈಲ್‌ಸಿಸ್ಟಮ್ "ಖಾಲಿ" ಅಂದುಬಿಡುತ್ತಿತ್ತು. ನವೆಂಬರ್ 30ರಂದು 2.2.2 ಮತ್ತು 2.1.14ರಲ್ಲಿ ಸರಿಮಾಡಿದರು. ತಪ್ಪನ್ನು ಮತ್ತೆ ಮತ್ತೆ ತೋರಿಸಿಕೊಟ್ಟದ್ದು ಒಂದು ಪುಟ್ಟ ಸ್ಕ್ರಿಪ್ಟು: ಫೈಲುಗಳನ್ನು ಬರೆದ ತಕ್ಷಣ, ಒಟ್ಟೊಟ್ಟಿಗೆ, ರಾಶಿರಾಶಿ ಕಾಪಿ ಮಾಡಿ ಹೋಲಿಸುವುದು. ನಮ್ಮ ಹುಡುಗನ ಸೊನ್ನೆ ಫೈಲಿನ ಟೆಸ್ಟನ್ನು ಅಲ್ಲಿ ನೂರು ವರ್ಷ ಓಡಿಸಿದರೂ ಹಸಿರೇ. ಸೊನ್ನೆಯ ಜಾಗದಲ್ಲಿ ಸೊನ್ನೆ ಬಂದರೆ ಯಾರಿಗೆ ಗೊತ್ತಾಗಬೇಕು?

ಇಷ್ಟು ಹಟ ಯಾಕೆ ಅಂತೀರಾ? ಚಿಂಚೋಳಿಯ ನಮ್ಮಜ್ಜಿ ಬೀಸುವ ಕಲ್ಲಿನ ಪದಗಳನ್ನು ಹಾಡುತ್ತಿದ್ದಳು. ಒಂದು ರಜೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದೆ. ಹಳೆ ಡಿಸ್ಕಿನಿಂದ ಹೊಸದಕ್ಕೆ ಹಾಕಲು ನಾನೇ ಸ್ಕ್ರಿಪ್ಟ್ ಬರೆದೆ, ಅಳತೆ ಹೋಲಿಸಿದೆ, "ಎಲ್ಲ ಸರಿ" ಎಂದು ಬಂತು. ಅಷ್ಟರಲ್ಲಿ ಕರೆಂಟ್ ಹೋಯ್ತು. ಮರುದಿನ ಅಳತೆ ಮತ್ತೆ ನೋಡಿ, ಹಳೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ಅಜ್ಜಿ ತೀರಿಕೊಂಡ ಮೇಲೆ ಕೇಳಿದರೆ, ಮೂರು ನಿಮಿಷ ಹಾಡು, ಆಮೇಲೆ ಮೌನ. ಆ ಧ್ವನಿ ಫೈಲಿನಲ್ಲಿ ಸೊನ್ನೆ ಅಂದರೆ ಮೌನ. ತಪ್ಪು ಯಾರದೂ ಅಲ್ಲ, ನನ್ನದೇ.

ಹಾಗಾಗಿ ಕಾಪಿ ಟೆಸ್ಟ್ ಓದುವಾಗ ನಾನು ಬಡಿದು ನೋಡುವ ಜಾಗಗಳು ಇವು:

1. ಫೈಲಿನೊಳಗೆ ಏನಿದೆ? ಪ್ರತಿ ಬ್ಲಾಕೂ ಬೇರೆ ಬೇರೆ ಇರಲಿ, ನಡುವೆ ನಿಜವಾದ ಖಾಲಿ ಜಾಗಗಳೂ ಇರಲಿ.

2. ಓದಿದ್ದು ಎಲ್ಲಿಂದ? ಕಾಪಿಯಾದ ತಕ್ಷಣ ಹೋಲಿಸಿದರೆ ಸಿಗುವುದು ಮೆಮೊರಿಯಲ್ಲಿರುವ ಪ್ರತಿ. ಡಿಸ್ಕಿನದನ್ನು ಓದಬೇಕಾದರೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಬೇಕು.

3. ಅಡ್ಡಿ ಬಂದರೆ? ಡಿಸ್ಕ್ ತುಂಬಿದಾಗ, ಕೇಳಿದ್ದಕ್ಕಿಂತ ಕಡಿಮೆ ಬೈಟ್ ಬರೆದಾಗ, ನಡುವೆ ಕರೆಂಟ್ ಹೋದಾಗ ಏನಾಗುತ್ತದೆ?

4. ಹೆಸರು ಕನ್ನಡದಲ್ಲಿದ್ದರೆ? ಇದು ನಮ್ಮದೇ ಪ್ರಶ್ನೆ. "ಸೇಡಂ-ಚಿತ್ತಾಪುರ-ವಾಡಿ-ಶಹಾಬಾದ-ಚಿಂಚೋಳಿ" ಎಂದು ಫೈಲಿಗೆ ಹೆಸರಿಟ್ಟರೆ ಕಣ್ಣಿಗೆ ಕಾಣುವುದು ಹದಿನೈದು ಅಕ್ಷರ, ನಾಲ್ಕು ಗೆರೆ. ಯುಟಿಎಫ್-8ರಲ್ಲಿ ಅದು 94 ಬೈಟ್! ಕಾಗುಣಿತದ ಗುರುತು, ಒತ್ತಿನ ಗುರುತು ಪ್ರತಿಯೊಂದಕ್ಕೂ ಮೂರು ಬೈಟ್. ಲಿನಕ್ಸಿನ ಇಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್. ವಿಂಡೋಸಿನ ಎನ್‌ಟಿಎಫ್‌ಎಸ್ ಬೈಟ್ ಲೆಕ್ಕ ಇಡುವುದಿಲ್ಲ. ಅಲ್ಲಿ ಆರಾಮಾಗಿದ್ದ ಉದ್ದ ಕನ್ನಡ ಹೆಸರು ಇಲ್ಲಿಗೆ ಕಾಪಿ ಆಗುವುದೇ ಇಲ್ಲ. "ಟೆಸ್ಟ್1" ಎಂಬ ಹೆಸರಿನಲ್ಲೇ ಪರೀಕ್ಷೆ ಮಾಡುವವರಿಗೆ ಇದು ಎಂದೂ ಕಾಣದು.

5. ಕೊನೆಯದು, ಎಲ್ಲಕ್ಕಿಂತ ಮುಖ್ಯ. ಕಾಪಿ ಕೋಡಿನ ಒಂದು ಸಾಲನ್ನು ಬೇಕಂತಲೇ ಕೆಡಿಸಿ ಟೆಸ್ಟ್ ಓಡಿಸಿ. ಆಗಲೂ ಹಸಿರಾಗಿದ್ದರೆ ಅದು ಟೆಸ್ಟಲ್ಲ, ತೋರಣ.

"ಇಷ್ಟೆಲ್ಲ ಮಾಡಿದರೆ ಬಿಲ್ಡ್ ಯಾವಾಗ ಮುಗಿಯಬೇಕು?" ಎನ್ನುವವರಿದ್ದಾರೆ. ಒಪ್ಪುತ್ತೇನೆ. ಸಣ್ಣವು ಪ್ರತಿ ಸಲ ಓಡಲಿ, ದೊಡ್ಡವು ರಾತ್ರಿ ಓಡಲಿ. ಆದರೆ ಸುಳ್ಳು ಧೈರ್ಯ ಕೊಡುವ ಟೆಸ್ಟಿಗಿಂತ ಟೆಸ್ಟ್ ಇಲ್ಲದಿರುವುದೇ ವಾಸಿ. ಇಲ್ಲದಿದ್ದರೆ ಭಯವಾದರೂ ಇರುತ್ತದೆ. ನನಗೆ ಅವತ್ತು ಭಯ ಇದ್ದಿದ್ದರೆ ಹಳೆ ಡಿಸ್ಕ್ ಉಳಿಯುತ್ತಿತ್ತು.

ಅಂದ ಹಾಗೆ, ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನಗಳು ಸಿಕ್ಕವು, ಗೊತ್ತಲ್ಲ? ಅವುಗಳಲ್ಲಿ 14ನೇ ಶಾಸನದ ಭಾಗವೂ ಇದೆ. ಒಂದೇ ಮಾತನ್ನು ಊರೂರಿನ ಬಂಡೆಗೆ ಕಾಪಿ ಮಾಡಿಸಿದ ರಾಜ, ಆ ಶಾಸನದಲ್ಲಿ, ಕೆಲವು ಕಡೆ ಬರಹ ಅಪೂರ್ಣವಾಗಿರಬಹುದು, ಬರೆದವನ ತಪ್ಪೂ ಇರಬಹುದು ಎಂದು ಒಪ್ಪಿಕೊಳ್ಳುತ್ತಾನೆ. ಎರಡು ಸಾವಿರ ವರ್ಷಗಳ ಹಿಂದೆಯೇ ಕಾಪಿಯನ್ನು ಅನುಮಾನಿಸಿದ ಪುಣ್ಯಾತ್ಮ!

ಹುಡುಗ ನಿನ್ನೆ ಟೆಸ್ಟ್ ತಿದ್ದಿ ಕಳಿಸಿದ. ಓಡಿಸಿದರೆ ಕೆಂಪು. ನಾವು ಆರು ತಿಂಗಳಿಂದ ನಂಬಿದ್ದ ಕೋಡಿನಲ್ಲೇ ಟೊಳ್ಳಿತ್ತು. ಇಬ್ಬರೂ ಚಹಾ ಕುಡಿದೆವು, ಖುಷಿಯಿಂದ.

ನಿಮ್ಮ ಹಳೆ ಫೋಟೋ, ಹಾಡುಗಳ ಬ್ಯಾಕಪ್ ಇದೆಯಲ್ಲ, ಇವತ್ತು ಒಂದನ್ನಾದರೂ ತೆರೆದು ಕೊನೆಯವರೆಗೆ ನೋಡಿ. ಮೂಲ ಇನ್ನೂ ಇರುವಾಗಲೇ.